ಶಾಲೆ–ಕಾಲೇಜಿನಲ್ಲಿ ಲಿಂಗ ಗುರುತಿನ ನಿಯಮ: ಈ ಕರಡು ನಿಲ್ಲುತ್ತದೆಯೇ?

ಕರಡು_ಪ್ರತಿ | 10 ಜೂನ್ 2025, ಬೆಳಿಗ್ಗೆ 9:12

ಪ್ರೌಢಶಾಲೆ, ಪಿಯು, ಪದವಿ ಮೂರೂ ಒಂದೇ ಕಾಂಪೌಂಡಿನಲ್ಲಿರುವ ಅನುದಾನಿತ ಸಂಸ್ಥೆಗೆ, ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ (ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಎನ್ನುವವರ) ಲಿಂಗ ಗುರುತಿನ ಬಗ್ಗೆ ನಿಯಮಾವಳಿ ಬರೆಯುವ ಕೆಲಸ ನಡೆದಿದೆ. ಆಡಳಿತ ಮಂಡಳಿಯ ಮುಂದಿರುವ ಕರಡಿನ ಸಾರ ಇಷ್ಟು:

– ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪ್ರಮಾಣಪತ್ರ ತಂದವರಿಗೆ ಮಾತ್ರ ಹೆಸರು, ಲಿಂಗ, ಸಮವಸ್ತ್ರ ಬದಲಿಸಿಕೊಳ್ಳಲು ಅವಕಾಶ.
– ಉಳಿದವರು ದಾಖಲಾತಿಯಲ್ಲಿರುವ ಲಿಂಗದ ಶೌಚಾಲಯವನ್ನೇ ಬಳಸಬೇಕು.
– ವಿದ್ಯಾರ್ಥಿ ಯಾವ ಶಿಕ್ಷಕರ ಹತ್ತಿರ ಈ ವಿಷಯ ಹೇಳಿಕೊಂಡರೂ 24 ಗಂಟೆಯೊಳಗೆ ಪೋಷಕರಿಗೆ ತಿಳಿಸಬೇಕು.
– ಕ್ರೀಡೆ, ಹಾಸ್ಟೆಲ್ ಎರಡೂ ದಾಖಲಾತಿಯ ಪ್ರಕಾರ.

ಕಾನೂನಿನ ಮುಂದೆ ಇದು ನಿಲ್ಲುತ್ತದೆಯೇ? ಜಾರಿಗೆ ತಂದರೆ ಮೊದಲು ಕುಸಿಯುವ ಸಾಲು ಯಾವುದು? ಬಲ್ಲವರು ಹೇಳಿ.

ವಕಾಲತ್ತು | 9:40

ಮೊದಲ ಸಾಲೇ ಕುಸಿಯುತ್ತದೆ ಸರ್. ದಾಖಲೆಯ ವಿಷಯವನ್ನೂ ದಿನನಿತ್ಯದ ವಿಷಯವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ದಾಖಲಾತಿ ವಹಿ, ಟಿಸಿ, ಅಂಕಪಟ್ಟಿ ತಿದ್ದಬೇಕಾದರೆ ಪ್ರಮಾಣಪತ್ರ ಕೇಳಿ, ತಪ್ಪಿಲ್ಲ. ತರಗತಿಯಲ್ಲಿ ಯಾವ ಹೆಸರಿಂದ ಕರೆಯಬೇಕು, ಪ್ಯಾಂಟೋ ಚೂಡಿದಾರವೋ, ಯಾವ ಶೌಚಾಲಯಕ್ಕೆ ಹೋಗಬೇಕು ಎಂಬುದಕ್ಕೆಲ್ಲ ಜಿಲ್ಲಾಧಿಕಾರಿ ಕಚೇರಿಯ ಕಾಗದ ಬೇಕು ಅಂತ ಯಾವ ಕಾನೂನೂ ಹೇಳಿಲ್ಲ.

2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ತನ್ನ ಲಿಂಗ ಯಾವುದೆಂದು ವ್ಯಕ್ತಿಯೇ ಹೇಳಿಕೊಳ್ಳಬಹುದು. ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ. ಆಮೇಲೆ ಬಂದದ್ದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ, ಜಾರಿಯಾದದ್ದು 2020ರ ಜನವರಿ 10ರಂದು. ಅದರ 3ನೇ ಕಲಂ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. 13ನೇ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಪ್ರತಿಯೊಂದು ಸಂಸ್ಥೆಯೂ ಪಾಠ, ಆಟ, ಮನರಂಜನೆ ಎಲ್ಲದರಲ್ಲೂ ಸಮಾನ ಅವಕಾಶ ಕೊಡಲೇಬೇಕು. 11ನೇ ಕಲಂ ಪ್ರಕಾರ ದೂರು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕು. ನಿಮ್ಮ ಕರಡಿನಲ್ಲಿ ಆ ಅಧಿಕಾರಿಯ ಸುದ್ದಿಯೇ ಇಲ್ಲ, ಮೊದಲು ಅದನ್ನು ಸೇರಿಸಿ.

ಹೆಡ್‌ಕ್ಲರ್ಕ್ | 10:25

ದಾಖಲೆ ತಿದ್ದುವುದಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ. ಕ್ರಮ ತಪ್ಪಿದರೆ ಆರು ತಿಂಗಳು ಕಚೇರಿ ಅಲೆಯಬೇಕಾಗುತ್ತದೆ.

ಮೊದಲು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ. ಜತೆಗೆ ಅಫಿಡವಿಟ್. ಆ ಕಾಯ್ದೆಯಡಿ ಬಂದ 2020ರ ನಿಯಮಗಳ ಪ್ರಕಾರ ಇದಕ್ಕೆ ವೈದ್ಯಕೀಯ ತಪಾಸಣೆ ಇಲ್ಲ, 30 ದಿನದೊಳಗೆ ಪ್ರಮಾಣಪತ್ರ ಸಿಗಬೇಕು. ಹೀಗೆ ಸಿಗುವುದು ನಮೂನೆ 3, ಅದರಲ್ಲಿ 'ಟ್ರಾನ್ಸ್‌ಜೆಂಡರ್' ಎಂದಿರುತ್ತದೆ. ಗಂಡು ಅಥವಾ ಹೆಣ್ಣು ಎಂದೇ ಬೇಕಿದ್ದರೆ ನಮೂನೆ 4. ಅದಕ್ಕೆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯ ಪತ್ರ ಬೇಕು. ಇಲ್ಲೊಂದು ತಪ್ಪು ಪದೇಪದೇ ಆಗುತ್ತದೆ: ಆಪರೇಷನ್ ಆಗಿದ್ದರೆ ಮಾತ್ರ ಪತ್ರ ಅಂತ ಆಸ್ಪತ್ರೆಯವರು ವಾಪಸ್ ಕಳಿಸುತ್ತಾರೆ. ನಿಯಮಗಳಲ್ಲಿ 'ವೈದ್ಯಕೀಯ ನೆರವು' ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ಆಪ್ತಸಲಹೆಯೂ ಹಾರ್ಮೋನ್ ಚಿಕಿತ್ಸೆಯೂ ಸೇರಿವೆ. ಆ ಪುಟದ ಪ್ರತಿ ಕೈಯಲ್ಲೇ ಇರಲಿ.

ಆಮೇಲೆ ಆಧಾರ್. ಆಧಾರ್‌ನಲ್ಲಿ ಲಿಂಗದ ಕಾಲಂ ತಿದ್ದಲು ಅವಕಾಶ ಒಂದೇ ಸಲ, ಹೆಸರು ಎರಡು ಸಲ. ನಮೂನೆ 3 ಬಂದ ಕೂಡಲೇ ಓಡಿಹೋಗಿ 'ಟಿ' ಮಾಡಿಸಿ, ಮುಂದೆ ನಮೂನೆ 4 ಬಂದಾಗ ಮತ್ತೆ ತಿದ್ದಲು ಹೋದರೆ ಮಿತಿ ಮುಗಿದಿರುತ್ತದೆ. ಪ್ರಾದೇಶಿಕ ಕಚೇರಿಗೆ ವಿಶೇಷ ಮನವಿ ಹಾಕಿ ಕಾಯಬೇಕು. ಹೀಗಾಗಿ ಯಾವ ನಮೂನೆಯಲ್ಲಿ ನಿಲ್ಲುವುದು ಎಂದು ವಿದ್ಯಾರ್ಥಿ ಗಟ್ಟಿ ಮಾಡಿಕೊಂಡ ಮೇಲೆಯೇ ಆಧಾರ್ ಮುಟ್ಟಬೇಕು.

ಮೂರನೆಯದು ಶಾಲೆಯ ದಾಖಲಾತಿ ವಹಿ, ಅದರ ಹಿಂದೆಯೇ ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ತಂತ್ರಾಂಶ) ಮತ್ತು ಯುಡೈಸ್ ಪ್ಲಸ್ (ಕೇಂದ್ರದ ಶಾಲಾ ಮಾಹಿತಿ ತಂತ್ರಾಂಶ). ಆಧಾರ್‌ನಲ್ಲಿ ಒಂದು, ಶಾಲೆಯ ತಂತ್ರಾಂಶದಲ್ಲಿ ಇನ್ನೊಂದು ಇದ್ದರೆ ಅಪಾರ್ ಸಂಖ್ಯೆ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತಿನ ಸಂಖ್ಯೆ) ಹುಟ್ಟುವುದಿಲ್ಲ, ಹೊಂದಿಕೆ ಇಲ್ಲ ಅಂತ ತಿರುಗಿ ಬರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷಾರ್ಥಿಗಳ ಪಟ್ಟಿಯಾದ ನಾಮಿನಲ್ ರೋಲ್‌ಗೆ ಮಾಹಿತಿ ಹೋಗುವುದು ಎಸ್‌ಎಟಿಎಸ್‌ನಿಂದಲೇ. ಆದ್ದರಿಂದ ತಿದ್ದುವ ಕೆಲಸವೆಲ್ಲ ಹತ್ತನೇ ತರಗತಿಯ ನೋಂದಣಿ ಆಗುವುದರೊಳಗೆ ಮುಗಿಯಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವುದು ಬೇರೆಯದೇ ಪಡಿಪಾಟಲು.

ಪದವಿಗೆ ಬಂದವರಾದರೆ ಎಸ್ಸೆಸ್ಸೆಲ್ಸಿಯಿಂದ ಶುರುಮಾಡಿ ಪಿಯು, ಆಮೇಲೆ ಪದವಿ. ಹಿಂದುಮುಂದಾದರೆ ಕೆಲಸಕ್ಕೆ ಸೇರುವಾಗ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಕೆಂಪುಶಾಯಿ | 10:41

ವಹಿಯಲ್ಲಿ ತಿದ್ದುವುದು ಹೇಗೆ? ಹಳೆ ಹೆಸರನ್ನು ಪೂರ್ತಿ ಅಳಿಸಬೇಕಾ?

ಹೆಡ್‌ಕ್ಲರ್ಕ್ | 10:58

ಅಳಿಸಲೇಬಾರದು. ವೈಟ್ನರ್ ಹಚ್ಚಿದ ವಹಿಗೆ ತಪಾಸಣೆಯಲ್ಲಿ ಬೆಲೆ ಇಲ್ಲ. ಹಳೆಯದರ ಮೇಲೆ ಒಂದೇ ಗೆರೆ, ಅದು ಓದುವಂತಿರಬೇಕು. ಮೇಲೆ ಕೆಂಪು ಶಾಯಿಯಲ್ಲಿ ಹೊಸ ನಮೂದು, ಷರಾ ಕಾಲಂನಲ್ಲಿ ಪ್ರಮಾಣಪತ್ರದ ಸಂಖ್ಯೆ ಮತ್ತು ದಿನಾಂಕ, ಮುಖ್ಯೋಪಾಧ್ಯಾಯರ ಸಹಿ, ಮೊಹರು.

ಆದರೆ ಇದರಲ್ಲೇ ಒಂದು ತೊಂದರೆಯೂ ಇದೆ. ಟಿಸಿ ಬರೆಯಲು, ಜಾತಿ ಪ್ರಮಾಣಪತ್ರಕ್ಕೆ ನಕಲು ಕೊಡಲು ಆ ವಹಿ ಹತ್ತು ಜನರ ಕೈಗೆ ಹೋಗುತ್ತದೆ. ಹಳೆ ಹೆಸರು, ಹಳೆ ಲಿಂಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಷರಾ ಕಾಲಂನಲ್ಲಿ 'ಗೌಪ್ಯ ಕಡತ ಸಂಖ್ಯೆ ಇಂತಿಷ್ಟು' ಎಂದಷ್ಟೇ ಬರೆದು, ಕಾರಣದ ಕಾಗದಗಳನ್ನೆಲ್ಲ ಬೀಗದ ಕಪಾಟಿನಲ್ಲಿಡುವುದು ಒಳ್ಳೆಯದು. ನಕಲು ಕೊಡುವಾಗ ಈಗಿನ ನಮೂದು ಮಾತ್ರ ಬರೆದುಕೊಡಿ.

ವಕಾಲತ್ತು | 11:15

ಹೆಡ್‌ಕ್ಲರ್ಕ್ ಅವರ ಮಾತಿಗೆ ಎರಡು ಸೇರ್ಪಡೆ. ಪ್ರಮಾಣಪತ್ರ ಹಿಡಿದು ಅರ್ಜಿ ಕೊಟ್ಟರೆ 15 ದಿನದೊಳಗೆ ದಾಖಲೆ ಬದಲಿಸಿ ಕೊಡಬೇಕು ಎಂದು 2020ರ ನಿಯಮಗಳಲ್ಲೇ ಇದೆ. ಶಾಲೆ, ಮಂಡಳಿ, ವಿಶ್ವವಿದ್ಯಾಲಯದ ಪ್ರಮಾಣಪತ್ರಗಳೂ ಅದರ ಪಟ್ಟಿಯಲ್ಲಿವೆ. ಹೊಸ ದಾಖಲೆಗೆ ಹಳೆಯದರ ಕ್ರಮಸಂಖ್ಯೆಯೇ ಇರಬೇಕು. ಹೊಸ ನಂಬರ್ ಕೊಟ್ಟರೆ ಹಳೆಯದರ ಜತೆ ಕೊಂಡಿ ಕಳಚಿ, ನಕಲಿ ಅಂಕಪಟ್ಟಿ ಎಂಬ ಅನುಮಾನ ಬರುತ್ತದೆ.

ಇನ್ನೊಂದು, ಗೆಜೆಟ್ ಪ್ರಕಟಣೆ ತನ್ನಿ, ಪತ್ರಿಕೆಯಲ್ಲಿ ಜಾಹೀರಾತು ಕೊಡಿ ಅಂತ ಕಾಲೇಜುಗಳು ಕೇಳುವುದು. ಅದು ಸಾಮಾನ್ಯ ಹೆಸರು ಬದಲಾವಣೆಯ ರೂಢಿ. ಇಲ್ಲಿ ಜಿಲ್ಲಾಧಿಕಾರಿಯ ಪ್ರಮಾಣಪತ್ರವೇ ಗುರುತಿಗೆ ಪುರಾವೆ. ಆದರೆ ಕಾಯ್ದೆಯಲ್ಲಿ ಬದಲಿಸಬಹುದು ಎಂದಿರುವುದು ಮೊದಲ ಹೆಸರನ್ನು. ತಂದೆಯ ಇನಿಷಿಯಲ್ಲನ್ನೂ ತೆಗೆಯಬೇಕು ಎನ್ನುವವರಿಗೆ ಗೆಜೆಟ್ ದಾರಿಯೇ ಉಳಿಯುತ್ತದೆ. ಅರ್ಜಿ ಬರೆಯುವಾಗ ಇವೆರಡನ್ನೂ ಬೆರೆಸಬೇಡಿ, ಬೆರೆಸಿದರೆ ಇಡೀ ಅರ್ಜಿ ಮೂಲೆಗೆ ಬೀಳುತ್ತದೆ.

ಎರಡು_ಜಡೆ | 11:32

ಕಾಗದಪತ್ರ ಸರಿ. ಪೋಷಕರ ಸಾಲಿಗೆ ಬನ್ನಿ. 18 ತುಂಬದ ಮಗುವಿನ ಪರವಾಗಿ ತಂದೆ ತಾಯಿ ಅಥವಾ ಪಾಲಕರೇ ಅರ್ಜಿ ಹಾಕಬೇಕು ಅಂತ ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಹಾಗಿದ್ದ ಮೇಲೆ ಹೆತ್ತವರಿಗೆ ಗೊತ್ತಿಲ್ಲದ ಹಾಗೆ ಶಾಲೆಯಲ್ಲಿ ಬೇರೆ ಹೆಸರು, ಬೇರೆ ಉಡುಪು ಅಂದರೆ ಯಾವ ನ್ಯಾಯ? ಜ್ವರ ಬಂದರೆ ಫೋನ್ ಮಾಡುತ್ತಾರೆ, ಪ್ರವಾಸಕ್ಕೆ ಸಹಿ ಕೇಳುತ್ತಾರೆ. ಇಷ್ಟು ದೊಡ್ಡ ವಿಷಯ ಮುಚ್ಚಿಡುತ್ತಾರೆಂದರೆ ಪೋಷಕರಿಗೆ ಶಾಲೆಯ ಮೇಲೆ ನಂಬಿಕೆಯೇ ಹೋಗುತ್ತದೆ. 24 ಗಂಟೆಯ ಸಾಲನ್ನು ತೆಗೆಯಬಾರದು.

ಆಪ್ತಸಲಹೆ | 12:05

ಮೇಡಂ, ಪೋಷಕರಿಗೆ ಗೊತ್ತಾಗಬಾರದು ಅಂತ ಯಾರ ವಾದವೂ ಅಲ್ಲ. ಗಡಿಯಾರ ಇಟ್ಟು ಹೇಳಿಸುವುದಕ್ಕೆ ಮಾತ್ರ ವಿರೋಧ. ಆ ಸಾಲು ಬಂದ ದಿನದಿಂದ ಯಾವ ಮಗುವೂ ಯಾವ ಶಿಕ್ಷಕರ ಹತ್ತಿರವೂ ಬಾಯಿ ಬಿಡುವುದಿಲ್ಲ. ಆಗ ಪೋಷಕರಿಗೂ ಗೊತ್ತಿಲ್ಲ, ಶಾಲೆಗೂ ಗೊತ್ತಿಲ್ಲ. ಮಗು ಒಂಟಿ.

ಕಾನೂನು ಕಡ್ಡಾಯ ಮಾಡಿರುವ ಸಂದರ್ಭ ಬೇರೆ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅಲ್ಲಿ ಗುಟ್ಟು ಎಂಬುದಿಲ್ಲ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸೂಚನೆ ಇದ್ದರೆ ಅದೇ ದಿನ ಮನೆಯವರನ್ನು ಕರೆಸಬೇಕು. ಮನೆಯಲ್ಲೇ ಹೊಡೆತ ಬಡಿತ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ. 'ನಾನು ಹುಡುಗ ಅಲ್ಲ ಅನ್ನಿಸುತ್ತೆ' ಎಂದು ಒಂದು ಮಗು ಹೇಳುವುದು ಈ ಯಾವುದರೊಳಗೂ ಬರುವುದಿಲ್ಲ.

ಮಾಡಬೇಕಾದ್ದು ಇಷ್ಟು. ಮೊದಲ ಮಾತುಕತೆಯಲ್ಲಿ ಮೂರೇ ಪ್ರಶ್ನೆ ಕೇಳಿ: ಮನೆಯಲ್ಲಿ ಯಾರಿಗೆ ಗೊತ್ತು, ಯಾರಿಗೆ ಹೇಳಿದರೆ ಭಯ, ಶಾಲೆಯಲ್ಲಿ ಈಗ ಏನು ಕಷ್ಟ. ಆಮೇಲೆ ಮನೆಯಲ್ಲಿ ಮೊದಲು ಕೇಳಿಸಿಕೊಳ್ಳುವವರು ಯಾರೆಂದು ಮಗುವೇ ಆರಿಸಲಿ. ಅಕ್ಕ, ಚಿಕ್ಕಮ್ಮ, ಅಜ್ಜಿ ಯಾರಾದರೂ ಆಗಬಹುದು. ಅವರ ಮೂಲಕ ತಂದೆ ತಾಯಿ. ಆ ಭೇಟಿ ನಡೆಯುವಾಗ ಆಪ್ತಸಲಹೆಗಾರರು ಪಕ್ಕದಲ್ಲಿರಬೇಕು. ಟಿಪ್ಪಣಿಗಳು ಕ್ಲಾಸ್ ಟೀಚರ್ ಕಡತಕ್ಕೆ ಸೇರಕೂಡದು.

ಇನ್ನೊಂದನ್ನು ಕರಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ: 'ಸರಿಮಾಡಿಸಲು' ಎಲ್ಲಿಗೂ ಕಳಿಸುವಂತಿಲ್ಲ. ಲಿಂಗ ಗುರುತನ್ನು ಬದಲಿಸುವ ಹೆಸರಿನ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದು ಸಾರಿದೆ.

ಎರಡು_ಜಡೆ | 12:20

24 ಗಂಟೆ ಕಡಿಮೆಯಾಯಿತು, ಒಪ್ಪಿದೆ. ಆದರೆ ಗಡುವೇ ಇಲ್ಲದೆ ಬಿಟ್ಟರೆ ಎಂಟನೇ ತರಗತಿಯಲ್ಲಿ ಹೇಳಿದ್ದು ಹತ್ತು ಮುಗಿದರೂ ಮನೆಗೆ ತಲುಪುವುದಿಲ್ಲ. ಹೆಡ್‌ಕ್ಲರ್ಕ್ ಅವರೇ ಹೇಳಿದರಲ್ಲ, ಹತ್ತರ ನೋಂದಣಿಗೆ ಮೊದಲು ದಾಖಲೆ ಆಗಬೇಕು ಅಂತ. ಪೋಷಕರ ಅರ್ಜಿ ಇಲ್ಲದೆ ಅದು ಆಗುವುದಾದರೂ ಹೇಗೆ?

ವಕಾಲತ್ತು | 12:31

ಈ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರ ಇಲ್ಲ ಮೇಡಂ. ಪೋಷಕರು ಒಪ್ಪದಿದ್ದರೆ 18 ತುಂಬುವವರೆಗೆ ದಾಖಲೆಯ ಬಾಗಿಲು ಮುಚ್ಚಿದ ಹಾಗೆಯೇ. ಆ ಮೂರು ನಾಲ್ಕು ವರ್ಷವನ್ನು ಮಗು ಹೇಗೆ ಕಳೆಯಬೇಕು ಎಂಬ ಕಾರಣಕ್ಕೇ ಕರೆಯುವ ಹೆಸರು, ಉಡುಪು, ಶೌಚಾಲಯ ಇವನ್ನು ಪ್ರಮಾಣಪತ್ರದಿಂದ ಬಿಡಿಸಿ ಅಂತ ಹೇಳುತ್ತಿರುವುದು.

ಗಡಿನಾಡು | 12:50

ಅಲ್ರೀ, ಅಮೆರಿಕ, ಇಂಗ್ಲೆಂಡಿನವರೇ ಇದನ್ನೆಲ್ಲ ವಾಪಸ್ ತಗೊಳ್ಳಾಕ ಹತ್ಯಾರ. ನಾವ್ಯಾಕ ಈಗ ಶುರು ಮಾಡಬೇಕು?

ವಕಾಲತ್ತು | 1:10

ಅಲ್ಲಿ ಆದದ್ದೇನು ಅಂತ ಸರಿಯಾಗಿ ನೋಡೋಣ. ಅಮೆರಿಕದಲ್ಲಿ ಟೈಟಲ್ ನೈನ್ (ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಕಾನೂನು) ಅಡಿ ಲಿಂಗ ಗುರುತಿಗೂ ರಕ್ಷಣೆ ಕೊಡಲು 2024ರಲ್ಲಿ ತಂದ ನಿಯಮವನ್ನು ಕೆಂಟುಕಿಯ ಫೆಡರಲ್ ನ್ಯಾಯಾಲಯ 2025ರ ಜನವರಿ 9ರಂದು ರದ್ದು ಮಾಡಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಏಪ್ರಿಲ್ 16ರಂದು, ಅವರ 2010ರ ಸಮಾನತೆ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ಹುಟ್ಟಿನ ಲಿಂಗ ಎಂದಿತು. ಎರಡೂ ಆಯಾ ದೇಶದ ಒಂದೊಂದು ಕಾನೂನಿನ ವ್ಯಾಖ್ಯಾನ. ನಮ್ಮ ಬುಡ ಸಂವಿಧಾನದ 14, 15, 19, 21ನೇ ವಿಧಿ, ಅದರ ಮೇಲೆ ನಾಲ್ಸಾ, ಅದರ ಮೇಲೆ 2019ರ ಕಾಯ್ದೆ. ಅಲ್ಲಿನ ತೀರ್ಪು ಇಲ್ಲಿನ ಮುಖ್ಯೋಪಾಧ್ಯಾಯರಿಗೆ ಅನ್ವಯಿಸುವುದಿಲ್ಲ.

ಗಡಿನಾಡು | 1:18

ಹಂಗಂದ್ರ ಎನ್‌ಸಿಇಆರ್‌ಟಿ ಕೈಪಿಡಿ ಯಾಕ ವಾಪಸ್ ತಗೊಂಡ್ರು?

ಆಪ್ತಸಲಹೆ | 1:30

2021ರ ನವೆಂಬರಿನ ಮಾತು ಅದು. ಟ್ರಾನ್ಸ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಶಿಕ್ಷಕರ ತರಬೇತಿಗೆಂದು ಬರೆದ ಕೈಪಿಡಿ, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಆಕ್ಷೇಪ ಬಂದ ಮೇಲೆ ಜಾಲತಾಣದಿಂದ ಇಳಿಯಿತು. ಕೈಪಿಡಿ ಇಳಿಯಿತೆಂದರೆ ಕಾಯ್ದೆ ಇಳಿಯಿತು ಎಂದಲ್ಲ ಸರ್. ಶಿಕ್ಷಕರ ಕೈಗೆ ತಿಳಿಯುವಂಥ ಪುಸ್ತಕ ಇಲ್ಲದಂತಾಯಿತು ಅಷ್ಟೇ, ನಷ್ಟ ಅದೇ. 2011ರ ಜನಗಣತಿಯ 'ಇತರೆ' ಲಿಂಗದ ಲೆಕ್ಕ ನೋಡಿ: ದೇಶದಲ್ಲಿ 4,87,803, ಅದರಲ್ಲಿ ಆರು ವರ್ಷದೊಳಗಿನವರೇ 54,854. ಕರ್ನಾಟಕದಲ್ಲಿ ಒಟ್ಟು 20,266. ಸಾಕ್ಷರತೆ ಶೇ 56ರ ಆಸುಪಾಸು, ದೇಶದ ಸರಾಸರಿ ಶೇ 74. ಆಗ ಆರರೊಳಗಿದ್ದ ಮಕ್ಕಳೆಲ್ಲ ಈಗ ಹೈಸ್ಕೂಲು, ಕಾಲೇಜು ವಯಸ್ಸಿನವರು.

ನಕ್ಷೆ_ನಾಗಂದಿಗೆ | 2:05

ಶೌಚಾಲಯದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಜಗಳ ಶುರುವಾಗುವುದೇ ಅಲ್ಲಿ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ ಗಂಡು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಕಡ್ಡಾಯ, ಅವನ್ನು ಮುಟ್ಟಬೇಕಿಲ್ಲ. ಅವುಗಳ ಜತೆಗೆ ಒಬ್ಬರೇ ಬಳಸುವ ಕೋಣೆ ಒಂದೆರಡು ಕಟ್ಟಿ. ನಾಲ್ಕೂ ಗೋಡೆ ಸೂರಿನವರೆಗೆ, ಬಾಗಿಲ ಕೆಳಗೆ ಸಂದು ಬೇಡ, ಗಾಳಿಗೆ ಎತ್ತರದಲ್ಲಿ ಕಿಂಡಿ. ಒಳಗೇ ನಲ್ಲಿ, ಕೈತೊಳೆಯುವ ಬೇಸಿನ್, ಮುಚ್ಚಳದ ಕಸದ ಬುಟ್ಟಿ, ಬಟ್ಟೆ ಹಾಕಲು ಎರಡು ಗೂಟ. ಒಳಗಿಂದ ಚಿಲಕ ಹಾಕಿದರೆ ಹೊರಗೆ ಕೆಂಪು ಕಾಣುವ ಬೀಗ ಸಿಗುತ್ತದೆ, ಅದನ್ನೇ ಹಾಕಿಸಿ. ತಟ್ಟುವ, ತಳ್ಳುವ ಕಾಟ ತಪ್ಪುತ್ತದೆ.

ಬಾಗಿಲ ಮೇಲೆ 'ತೃತೀಯ ಲಿಂಗಿಗಳಿಗೆ' ಎಂಬ ಬೋರ್ಡ್ ಮಾತ್ರ ಹಾಕಬೇಡಿ. ಆ ಬೋರ್ಡಿನ ಕೆಳಗೆ ನಡೆದು ಹೋಗುವ ಮಗು ಇಡೀ ಶಾಲೆಗೆ ಡಂಗುರ ಸಾರಿದ ಹಾಗೆ. ಯಾರೂ ಅದನ್ನು ಬಳಸುವುದಿಲ್ಲ, ವರ್ಷದೊಳಗೆ ಪೊರಕೆ ಬಕೆಟ್ ಇಡುವ ಜಾಗವಾಗುತ್ತದೆ. 'ಎಲ್ಲರಿಗೂ' ಎಂದು ಬರೆದರೆ ಹುಷಾರಿಲ್ಲದ ಮಗುವೂ ಮುಟ್ಟಿನ ದಿನದ ಹುಡುಗಿಯೂ ಅಲ್ಲಿಗೇ ಬರುತ್ತಾರೆ. ಯಾರು ಯಾಕೆ ಹೋದರು ಅಂತ ಯಾರೂ ಲೆಕ್ಕ ಇಡುವುದಿಲ್ಲ.

ಬೆಂಚು_ಮೂರು | 2:11

ಅಂಗವಿಕಲ ಮಕ್ಕಳ ಶೌಚಾಲಯ ಇದ್ದೇ ಇದೆಯಲ್ಲ, ಅದನ್ನೇ ಬಳಸಬಹುದು.

ನಕ್ಷೆ_ನಾಗಂದಿಗೆ | 2:24

ಬಹಳ ಕಡೆ ಅದರ ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿರುತ್ತದೆ. ಪ್ರತಿ ಸಲ ಹೋಗಿ ಕೀ ಕೇಳುವುದೆಂದರೆ ಪ್ರತಿ ಸಲ ಕಾರಣ ಹೇಳುವುದು. ಅದಕ್ಕೆ ಹೆದರಿ ಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ, ಮೂತ್ರದ ಸೋಂಕು ಬರುವುದು ಹೀಗೆ. ಗಾಲಿಕುರ್ಚಿಯ ಮಗುವಿಗೆ ಇರುವುದೇ ಅದೊಂದು, ಅದನ್ನೂ ಹಂಚಿಕೊಳ್ಳಿ ಎನ್ನುವುದು ಸರಿಯಲ್ಲ. ಒಂದೇ ಒಂದು ಕೋಣೆ ಹೆಚ್ಚಿಗೆ ಕಟ್ಟಿ ಸ್ವಾಮಿ.

ಎರಡು_ಜಡೆ | 2:33

ಈ ಏರ್ಪಾಡಿಗೆ ಯಾವ ಪೋಷಕರೂ ತಕರಾರು ತೆಗೆಯಲಾರರು. ಹುಡುಗಿಯರ ಶೌಚಾಲಯದ ಬಗ್ಗೆ ಇದ್ದ ಆತಂಕ ಇದರಲ್ಲೇ ಬಹುಪಾಲು ಕಳೆಯುತ್ತದೆ.

ವಕಾಲತ್ತು | 2:40

ಕಳೆಯುತ್ತದೆ, ಸರಿ. ಆದರೆ 'ಎಲ್ಲರಿಗೂ' ಕೋಣೆ ಇದೆ ಎಂಬ ನೆಪದಲ್ಲಿ ಟ್ರಾನ್ಸ್ ವಿದ್ಯಾರ್ಥಿ ಅಲ್ಲಿಗೇ ಹೋಗತಕ್ಕದ್ದು ಎಂಬ ನಿಯಮ ಬರಬಾರದು. ಸಾರ್ವಜನಿಕ ಶೌಚಾಲಯಗಳಲ್ಲಿ ತಮಗೆ ಹೊಂದುವುದನ್ನು ಬಳಸಲು ಬಿಡಿ ಎಂದು ಸ್ವಚ್ಛ ಭಾರತ ಮಾರ್ಗಸೂಚಿ 2017ರಲ್ಲೇ ಹೇಳಿದೆ.

ಎರಡು_ಜಡೆ | 2:46

ಅಲ್ಲಿ ಮಾತ್ರ ನನ್ನ ಒಪ್ಪಿಗೆ ಇಲ್ಲ ಸರ್. ರೈಲ್ವೆ ನಿಲ್ದಾಣಕ್ಕೆ ಬರೆದದ್ದು ಎಂಟನೇ ತರಗತಿಗೆ ಹೊಂದುವುದಿಲ್ಲ.

ಸೀಟಿ_ಮೇಷ್ಟ್ರು | 3:20

ಕ್ರೀಡೆಯ ಸಾಲು ಒಂದೇ ವಾಕ್ಯದಲ್ಲಿ ಮುಗಿಯುವಂಥದ್ದಲ್ಲ. ಪಿಟಿ ಪೀರಿಯಡ್ಡು, ಶಾಲೆಯೊಳಗಿನ ಆಟೋಟ, ಹೊರಗಿನ ಪಂದ್ಯ ಮೂರನ್ನೂ ಬೇರೆ ಮಾಡಿ.

ಪಿಟಿಯಲ್ಲಿ ಗಂಡು ಹೆಣ್ಣು ಎಂದು ಸಾಲು ಮಾಡುವ ಅಗತ್ಯವೇ ಇಲ್ಲ. ಹನ್ನೊಂದು ಹನ್ನೆರಡು ವರ್ಷದವರೆಗೆ ಓಟ ಜಿಗಿತದಲ್ಲಿ ಅಂತರ ಬಹಳ ಕಡಿಮೆ. ಅದು ಹಿಗ್ಗುವುದು ಪ್ರೌಢಾವಸ್ಥೆ ಬಂದು ಟೆಸ್ಟೋಸ್ಟೆರಾನ್ ಏರಿದ ಮೇಲೆ. ಕಬಡ್ಡಿ, ಕುಸ್ತಿ ಆಡಿಸುವಾಗ ತೂಕ ನೋಡಿ ಜೋಡಿ ಮಾಡಿ. 35 ಕಿಲೋದವನ ಮೇಲೆ 60 ಕಿಲೋದವನನ್ನು ಬಿಟ್ಟರೆ ಇಬ್ಬರೂ ಹುಡುಗರೇ ಆದರೂ ಮೂಳೆ ಮುರಿಯುತ್ತದೆ.

ಹೊರಗಿನ ಪಂದ್ಯದಲ್ಲಿ ಸಂಘಟಕರ ನಿಯಮವೇ ನಡೆಯುವುದು. ಅಂತರರಾಷ್ಟ್ರೀಯ ಮಟ್ಟದಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ 2023ರ ಮಾರ್ಚ್‌ನಲ್ಲಿ, ಗಂಡಿನ ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರಿಗೆ ಮಹಿಳಾ ವಿಭಾಗದ ಬಾಗಿಲು ಮುಚ್ಚಿತು. ಅದನ್ನು ತಂದು ಹೋಬಳಿ ಮಟ್ಟದ ಥ್ರೋಬಾಲ್‌ಗೆ ಅಂಟಿಸುವುದು ಅತಿಯಾಯಿತು. ಶಾಲೆ ಮಾಡಬೇಕಾದ್ದು, ಪ್ರವೇಶ ಪತ್ರ ತುಂಬುವ ಮೊದಲೇ ಸಂಘಟಕರಿಗೆ ಬರಹದಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆಯುವುದು. ಮೈದಾನಕ್ಕೆ ಕರೆದೊಯ್ದು ಅಲ್ಲಿ ಎಲ್ಲರೆದುರು ವಾಪಸ್ ಕಳಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಆ ವಯಸ್ಸಿನಲ್ಲಿ ಇಲ್ಲ.

ಇನ್ನೊಂದು ಸಣ್ಣ ಉಪಾಯ. ಪಿಟಿ ಇರುವ ದಿನ ಮನೆಯಿಂದಲೇ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಲು ಎಲ್ಲರಿಗೂ ಬಿಡಿ. ಬಟ್ಟೆ ಬದಲಿಸುವ ಕೋಣೆಯ ಸಮಸ್ಯೆಯೇ ಉಳಿಯುವುದಿಲ್ಲ.

ಬೆಂಚು_ಮೂರು | 3:28

ಎನ್‌ಸಿಸಿ?

ವಕಾಲತ್ತು | 3:35

ಟ್ರಾನ್ಸ್ ಯುವತಿಯೊಬ್ಬರನ್ನು ಹೆಣ್ಣುಮಕ್ಕಳ ವಿಭಾಗಕ್ಕೆ ಸೇರಿಸಿಕೊಳ್ಳಲು ಒಲ್ಲದ ಎನ್‌ಸಿಸಿಗೆ 2021ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಸೇರಲು ಅವರು ಅರ್ಹರು ಎಂದು ಹೇಳಿತು. ಎನ್‌ಸಿಸಿ ಕಾಯ್ದೆ 1948ರದ್ದು, ಅದರಲ್ಲಿ ಇಂಥ ಜಾಗವೇ ಇರಲಿಲ್ಲ.

ನೂಲು_ಬಟ್ಟೆ | 4:02

ಸಮವಸ್ತ್ರಕ್ಕೆ ಕೇರಳದ ಬಾಲುಶ್ಶೇರಿ ಸರ್ಕಾರಿ ಶಾಲೆ 2021ರ ಡಿಸೆಂಬರಿನಲ್ಲಿ ಹನ್ನೊಂದನೇ ತರಗತಿಯ ಎಲ್ಲರಿಗೂ ಪ್ಯಾಂಟು ಶರ್ಟು ತಂದಿತು. ಅದರ ಮೇಲೆ ಬಂದ ಟೀಕೆಯಲ್ಲೂ ಹುರುಳಿದೆ: ಸಮಾನತೆ ಅಂದರೆ ಎಲ್ಲರೂ ಗಂಡಸರ ಉಡುಪು ಹಾಕುವುದೇ? ಕರಡಿನಲ್ಲಿ ಹುಡುಗರು ಇದು, ಹುಡುಗಿಯರು ಅದು ಎಂಬ ಎರಡು ಕಾಲಂ ತೆಗೆದುಬಿಡಿ. ಬಣ್ಣ ಇಂಥದ್ದು, ತುಂಡುಗಳು ಇಷ್ಟು: ಪ್ಯಾಂಟು, ಲಂಗ, ಚೂಡಿದಾರ, ಅರ್ಧ ತೋಳಿನ ಶರ್ಟು, ಮೇಲಂಗಿ. ಯಾರು ಯಾವುದನ್ನಾದರೂ ಆರಿಸಲಿ. ಕೂದಲಿಗೂ ಅಷ್ಟೇ, 'ಉದ್ದ ಬಿಟ್ಟರೆ ಕಟ್ಟಿರಬೇಕು' ಎಂಬ ಒಂದೇ ಸಾಲು ಸಾಕು.

ಪದಕೋಶ | 4:15

ಕರಡಿನ ಭಾಷೆಯನ್ನೂ ನೋಡಿ. 'ತೃತೀಯ ಲಿಂಗಿ' ಎಂದರೆ ಮೊದಲನೆಯದು, ಎರಡನೆಯದು ಯಾವುದು ಎಂಬ ಪ್ರಶ್ನೆ ಬರುತ್ತದೆ. ಕರ್ನಾಟಕದಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು' ಎಂಬ ಮಾತು ಸರ್ಕಾರಿ ಕಾಗದದಲ್ಲೂ ಚಳವಳಿಯಲ್ಲೂ ಬೇರೂರಿದೆ. ಹುಟ್ಟಿನಿಂದಲೇ ದೇಹ ಲಕ್ಷಣಗಳು ಬೇರೆ ಇರುವ ಮಕ್ಕಳ ವಿಷಯ ಇನ್ನೂ ಬೇರೆ, ಅವರಿಗೆ 'ಇಂಟರ್‌ಸೆಕ್ಸ್' ಎಂದೇ ಬರೆಯಿರಿ. ಕಾಯ್ದೆಯ ವ್ಯಾಖ್ಯಾನ ಇಬ್ಬರನ್ನೂ ಒಳಗೊಂಡಿದ್ದರೂ ಇಬ್ಬರ ಅಗತ್ಯ ಒಂದೇ ಅಲ್ಲ.

ಸೀಟಿ_ಮೇಷ್ಟ್ರು | 4:21

ಹದಿಮೂರರ ಮಗುವಿನ ಮುಂದೆ 'ಅಲ್ಪಸಂಖ್ಯಾತ' ಎನ್ನುವುದೂ ಭಾರವೇ. ಕಾಗದದಲ್ಲಿ ಇರಲಿ, ತರಗತಿಯಲ್ಲಿ ಹೆಸರು ಹಿಡಿದು ಕರೆದರೆ ಸಾಕು.

ವಾರ್ಡನ್_ರೂಮು | 5:10

ಹಾಸ್ಟೆಲ್‌ಗೆ ಬರುತ್ತೇನೆ. ವಾಚ್‌ಮನ್ ಕೋಣೆ ಪಕ್ಕದ ಒಂಟಿ ರೂಮು ಕೊಟ್ಟು ಸುರಕ್ಷತೆ ಎನ್ನುವುದು ವಿದ್ಯಾರ್ಥಿಗೆ ಶಿಕ್ಷೆಯ ಹಾಗಿರುತ್ತದೆ. ಇಬ್ಬರ ರೂಮು, ಒಳಗೇ ಬಚ್ಚಲು, ಜತೆಗಾರರನ್ನು ವಿದ್ಯಾರ್ಥಿಯೇ ಸೂಚಿಸುವುದು, ಆ ಜತೆಗಾರರೂ ಒಪ್ಪುವುದು. ಇಷ್ಟಾದರೆ ಮುಕ್ಕಾಲು ತೊಂದರೆ ಇಲ್ಲ. ಒಪ್ಪಿಗೆ ಮಾತಿನಲ್ಲಿ ಬೇಡ, ಸಹಿ ಇರಲಿ.

ರ‍್ಯಾಗಿಂಗ್ ಸಾಲೂ ಸೇರಿಸಿ. ಲಿಂಗ ಗುರುತು, ಲೈಂಗಿಕ ಒಲವಿನ ಕಾರಣಕ್ಕೆ ಕಾಡುವುದೂ ಹೊರಗಿಡುವುದೂ ರ‍್ಯಾಗಿಂಗ್ ಎಂದು ಯುಜಿಸಿ 2016ರ ತಿದ್ದುಪಡಿಯಲ್ಲಿ ಸೇರಿಸಿದೆ. ಪದವಿ ವಿಭಾಗಕ್ಕೆ ಅದು ನೇರ ಅನ್ವಯ.

ಕರಡು_ಪ್ರತಿ | 6:30

ಎಲ್ಲರಿಗೂ ಧನ್ಯವಾದ. ಹೀಗೆ ತಿದ್ದಿದೆ: ದಾಖಲೆ ಬದಲಿಸಲು ಮಾತ್ರ ಪ್ರಮಾಣಪತ್ರ, 15 ದಿನದ ಗಡುವು. ಕರೆಯುವ ಹೆಸರು, ಉಡುಪು ವಿದ್ಯಾರ್ಥಿಯ ಮಾತಿನ ಮೇಲೆ. 'ಎಲ್ಲರಿಗೂ' ಶೌಚಾಲಯ ಎರಡು, ಬೀಗದ ಕೈ ಯಾರ ಬಳಿಯೂ ಇಲ್ಲ. ದೂರು ಅಧಿಕಾರಿ ಒಬ್ಬರು. 24 ಗಂಟೆ ಸಾಲು ಹೋಯಿತು, ಅದರ ಜಾಗದಲ್ಲಿ ಆಪ್ತಸಲಹೆಗಾರರ ಜತೆ ಯೋಜನೆ, ಪ್ರತಿ ತಿಂಗಳು ಪರಿಶೀಲನೆ. ಗಡುವಿನ ಬಗ್ಗೆ 'ಎರಡು_ಜಡೆ' ಮೇಡಂ ಎತ್ತಿದ ಪ್ರಶ್ನೆಯನ್ನು ಹಾಗೇ ಮಂಡಳಿಯ ಮುಂದಿಡುತ್ತೇನೆ.

ಒಂದು ಉಳಿದಿದೆ. ದಾಖಲಾತಿಯಲ್ಲಿ ಹಳೆ ಹೆಸರು, ತರಗತಿಯಲ್ಲಿ ಹೊಸ ಹೆಸರು ಎಂದಾದರೆ ಹಾಜರಿ ಕೂಗುವುದು ಹೇಗೆ? ಬದಲಿ ಶಿಕ್ಷಕರು ಬಂದ ದಿನ ಹಳೆ ಹೆಸರೇ ಬಾಯಿಗೆ ಬರುತ್ತದೆ.

ಹೆಡ್‌ಕ್ಲರ್ಕ್ | 6:52

ಆ ತರಗತಿಗೆ ಎಲ್ಲರನ್ನೂ ನಂಬರಿನಿಂದಲೇ ಕೂಗಿ. ಒಬ್ಬರಿಗೆ ಮಾತ್ರ ನಂಬರ್ ಅಂದರೆ ಅದೇ ಗುರುತಾಗಿಬಿಡುತ್ತದೆ. ತಂತ್ರಾಂಶದಿಂದ ಮುದ್ರಿಸಿದ ಹಾಜರಿ ಪಟ್ಟಿ ಕಚೇರಿಯಲ್ಲೇ ಇರಲಿ, ಕ್ಲಾಸಿಗೆ ಹೋಗುವ ಪುಸ್ತಕದಲ್ಲಿ ಕರೆಯುವ ಹೆಸರು ಬರೆಯಿರಿ. ಪರೀಕ್ಷೆಯ ದಿನ ಮಾತ್ರ ಎಚ್ಚರ: ಪ್ರವೇಶ ಪತ್ರದಲ್ಲಿ ದಾಖಲಾತಿಯ ಹೆಸರೇ ಇರುತ್ತದೆ, ಫೋಟೋ ಈಗಿನ ಮುಖಕ್ಕೆ ಹೊಂದದೆ ಇರಬಹುದು. ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಎರಡು ದಿನ ಮುಂಚೆಯೇ ಮುಖ್ಯೋಪಾಧ್ಯಾಯರ ಪತ್ರ ತಲುಪಿಸಿ, ಒಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲಿರಲಿ. ಬಾಗಿಲಲ್ಲಿ ತಪಾಸಣೆಯನ್ನು ಪುರುಷ ಸಿಬ್ಬಂದಿ ಮಾಡಬೇಕೋ ಮಹಿಳಾ ಸಿಬ್ಬಂದಿ ಮಾಡಬೇಕೋ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿರಿ.